ರಕ್ಕಸನಿಗೂ ಒಂದು ಮಾತಿದೆ

ಕೆಸರೆಯ ಮನೆಯ ಮಹಡಿಯೊಂದರಲ್ಲಿ ನಿಂತು ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಚಾಮುಂಡಿ ಬೆಟ್ಟ. ಮೈಸೂರಿನ ಈಶಾನ್ಯದ ಅಂಚಿನಲ್ಲಿ ಒಂದು ಕಾಲಕ್ಕೆ ಹಳ್ಳಿಯಾಗಿದ್ದು, ಬಡಾವಣೆಗಳು ಬೆಳೆದಂತೆ ನಗರದ ಹೊಟ್ಟೆಯೊಳಗೆ ಸೇರಿಹೋದ ಊರು ಕೆಸರೆ. ಅತ್ತ ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಹಾವು ಹಿಡಿದು, ದಪ್ಪ ಮೀಸೆಯ ಮಹಿಷಾಸುರ ನಿಂತಿದ್ದಾನೆ. ಊರಿಗೆ ಹೆಸರು ಕೊಟ್ಟವನು ಅವನು. ಊರಿನ ಹಬ್ಬ ನಡೆಯುವುದು ಅವನನ್ನು ಕೊಂದವಳ ಹೆಸರಿನಲ್ಲಿ. ಪ್ರವಾಸಿಗರು ಅವನ ಕಾಲ ಬಳಿ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ.

ಅಂಥದೇ ಒಂದು ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ವರು ತರುಣರು ಸೇರಿದ್ದಾರೆಂದು ಭಾವಿಸಿಕೊಳ್ಳಿ. ನಡುವೆ ಒಂದು ಕಾಗದದ ನಕ್ಷೆ, ಇಪ್ಪತ್ತು ಮುಖದ ದಾಳ, ಪೆನ್ಸಿಲು. ಒಬ್ಬ ಕಥೆ ನಡೆಸುವವನು, ಉಳಿದ ಮೂವರು ಪಾತ್ರಧಾರಿಗಳು. ಒಬ್ಬ ಎಲ್ಫ್, ಅಂದರೆ ಗಂಧರ್ವರಂಥ ನೀಳ ಕಿವಿಯ ಚೆಲುವ. ಒಬ್ಬ ಗಿಡ್ಡ ದೇಹದ, ಗಡ್ಡದ ಡ್ವಾರ್ಫ್. ಮತ್ತೊಬ್ಬ ಕೋರೆಹಲ್ಲಿನ, ಹಸಿರು ಮೈಯ ಓರ್ಕ್. ಮೂವರೂ ದಾರಿ ನಡೆದು ದಣಿದು ಒಂದು ಛತ್ರದ ಬಾಗಿಲಿಗೆ ಬರುತ್ತಾರೆ. ಕಥೆ ನಡೆಸುವವನು ಛತ್ರದ ಯಜಮಾನನ ದನಿಯಲ್ಲಿ ಹೇಳುತ್ತಾನೆ: ‘ನೀವಿಬ್ಬರೂ ಒಳಗೆ ಬನ್ನಿ. ಇವನ ಜನಕ್ಕೆ ಇಲ್ಲಿ ಜಾಗವಿಲ್ಲ. ಬೇಕಾದರೆ ಹಿತ್ತಿಲಿಗೆ ಬರಲಿ, ಬೇರೆ ಲೋಟ ಇಟ್ಟಿದ್ದೇವೆ.’

ಇಬ್ಬರು ನಗುತ್ತಾರೆ. ಆಟ ತಾನೇ! ಮೂರನೆಯವನು ನಗುವುದಿಲ್ಲ. ಆ ಬೇರೆ ಲೋಟದ ಕಥೆಯನ್ನು ಅವನು ತನ್ನ ಅಜ್ಜನ ಬಾಯಲ್ಲಿ ಕೇಳಿದ್ದಾನೆ.

ಹುಟ್ಟಿನಿಂದಲೇ ಕೇಡಿಗ

ಪಾತ್ರಾಭಿನಯದ ಈ ಮೇಜಿನಾಟದ ಮೂಲಪುರುಷ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಇದನ್ನು ಪ್ರಕಟಿಸಿದರು. ಆಟಗಾರ ಮೊದಲು ತನ್ನ ‘ರೇಸ್’, ಅಂದರೆ ಕುಲವನ್ನು ಆರಿಸಿಕೊಳ್ಳಬೇಕು. ಕುಲಕ್ಕೆ ತಕ್ಕಂತೆ ಬಲ, ಬುದ್ಧಿ, ಚುರುಕುತನಗಳಲ್ಲಿ ಕೂಡುವುದು ಕಳೆಯುವುದು ನಡೆಯುತ್ತಿತ್ತು. ಎದುರಾಳಿ ಕುಲಗಳಿಗಂತೂ ಸ್ವಭಾವವನ್ನೇ ಪುಸ್ತಕದಲ್ಲಿ ಅಚ್ಚು ಹಾಕಿಬಿಟ್ಟಿದ್ದರು. ಓರ್ಕ್ ಎಂದರೆ ಕೆಟ್ಟವನು, ಸರಿ. ಏಕೆ ಕೆಟ್ಟವನು? ಓರ್ಕ್ ಆದ್ದರಿಂದ! ಜಾತಕ ಬರೆದು ಮುಗಿದ ಮೇಲೆ ಮಗು ಹುಟ್ಟಿದಂತೆ.

ಓರ್ಕರನ್ನು ಈ ಆಟ ಪಡೆದದ್ದು ಇಂಗ್ಲಿಷ್ ಕಾದಂಬರಿಕಾರ ಟೋಲ್ಕೀನ್‌ನಿಂದ. ಇಡೀ ಒಂದು ಜನ ಉದ್ಧಾರಕ್ಕೆ ಆಸ್ಪದವೇ ಇಲ್ಲದಷ್ಟು ಕೆಟ್ಟದ್ದಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಸ್ವತಃ ಟೋಲ್ಕೀನ್‌ನನ್ನೇ ಕಾಡಿತ್ತು. ಅವನ ಪತ್ರಗಳಲ್ಲಿ ಆ ಕಸಿವಿಸಿ ಕಾಣುತ್ತದೆ. ಆಟದ ನಿಯಮಪುಸ್ತಕಕ್ಕೆ ಅಂಥ ಕಸಿವಿಸಿ ಇರಲಿಲ್ಲ. ಅಂಕಿಗಳು ಸಂಶಯಪಡುವುದಿಲ್ಲವಲ್ಲ.

ನಮ್ಮವನೂ ಒಬ್ಬ ಆ ಪುಸ್ತಕ ಸೇರಿದ್ದಾನೆಂಬುದು ಅನೇಕರಿಗೆ ತಿಳಿಯದ ಸಂಗತಿ. ಅವನ ಹೆಸರು ಸಾಕ್ಷಾತ್ ‘ರಾಕ್ಷಸ’! 1977ರ ‘ಮಾನ್ಸ್ಟರ್ ಮ್ಯಾನ್ಯುಯಲ್’ ಎಂಬ ದೈತ್ಯಕೋಶದಲ್ಲಿ ಅವನು ಹುಲಿಯ ತಲೆ ಹೊತ್ತು, ಕೋಟು ತೊಟ್ಟು, ಕೊಳವೆ ಸೇದುತ್ತ ಕುಳಿತಿದ್ದಾನೆ. ಮುಂದೆ ಅವನ ಅಂಗೈಗಳು ಹಿಂದುಮುಂದಾಗಿರುವುದೇ ಅವನ ಗುರುತಾಯಿತು. ವಾಲ್ಮೀಕಿಯಾಗಲಿ ವ್ಯಾಸನಾಗಲಿ ಇಂಥ ರಾಕ್ಷಸನನ್ನು ಕಂಡವರಲ್ಲ. ಗೈಗ್ಯಾಕ್ಸ್‌ಗೆ ಅವನು ದೊರೆತದ್ದು 1974ರ ಒಂದು ಅಮೆರಿಕನ್ ಟೆಲಿವಿಷನ್ ಧಾರಾವಾಹಿಯ ಕಂತಿನಲ್ಲಿ. ವಿಭೀಷಣನ ವಿವೇಕ, ಮಂಡೋದರಿಯ ದುಃಖ, ಹಿಡಿಂಬೆಯ ಒಲವು ಯಾವುದೂ ಆ ಹಡಗು ಹತ್ತಲಿಲ್ಲ. ಹತ್ತಿದ್ದು ಹೆಸರು ಮತ್ತು ಕೋರೆಹಲ್ಲು ಮಾತ್ರ.

ವಾಲಿ ಕೇಳಿದ ಪ್ರಶ್ನೆ

ಕನ್ನಡನಾಡಿಗೆ ಪಾತ್ರಾಭಿನಯದ ಆಟ ಹೊಸದೇನಲ್ಲ. ಕರಾವಳಿಯಲ್ಲಿ, ಕಾಸರಗೋಡಿನ ಕಡೆ, ಮಲೆನಾಡಿನಲ್ಲಿ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಮದ್ದಳೆ, ಚೆಂಡೆ ನುಡಿಯುತ್ತವೆ. ಇತ್ತ ಅತ್ತ ಕುಳಿತ ಅರ್ಥಧಾರಿಗಳು ಪಾತ್ರವೇ ತಾವಾಗಿ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋಗುವ ದಾರಿಯ ಮಾತು ಯಾರಿಗೂ ಗೊತ್ತಿಲ್ಲ. ಮೇಜಿನಾಟಕ್ಕೂ ಇದಕ್ಕೂ ಇರುವ ನಂಟು ದಾಳವೊಂದನ್ನು ಬಿಟ್ಟರೆ ತೀರ ಹತ್ತಿರದ್ದು.

ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ನನ್ನ ತೊಗಲು ಉಡಲು ಬಾರದು, ಮಾಂಸ ತಿನ್ನಲು ಬಾರದು. ನಿನಗೆ ನಾನೇನು ಮಾಡಿದ್ದೆ ಎಂಬುದು ವಾಲ್ಮೀಕಿಯಲ್ಲೇ ಇರುವ ಪ್ರಶ್ನೆ. ರಾಮ ಎರಡು ಉತ್ತರ ಕೊಡುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದು ರಾಜದಂಡನೆ ಎಂಬುದು ಒಂದು. ನೀನು ಶಾಖಾಮೃಗ, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡುವುದು ತಪ್ಪಲ್ಲ ಎಂಬುದು ಇನ್ನೊಂದು.

ಅರ್ಥಧಾರಿಗೆ ಹಬ್ಬ ಇರುವುದು ಇಲ್ಲೇ. ನಾನು ಮೃಗವಾದರೆ ನನಗೆಲ್ಲಿಯ ಮನುಷ್ಯಧರ್ಮ, ಎಲ್ಲಿಯ ದಂಡನೆ? ಧರ್ಮಕ್ಕೆ ಒಳಪಟ್ಟವನಾದರೆ ಎದುರಿಗೆ ಬರದೆ ಮರದ ಹಿಂದೆ ನಿಂತದ್ದೇಕೆ? ಒಂದೇ ದೇಹವನ್ನು ಶಿಕ್ಷೆಗೆ ಮನುಷ್ಯನೆಂದೂ ಬೇಟೆಗೆ ಮೃಗವೆಂದೂ ಕರೆಯಬಹುದೇ? ಸಮರ್ಥ ವಾಲಿ ಸಿಕ್ಕಿದರೆ ರಾಮನ ಪಾತ್ರಧಾರಿ ಬೆವರಬೇಕಾಗುತ್ತದೆ. ವಾಲಿ, ರಾವಣರಂಥ ಪಾತ್ರಗಳಿಗೆ ದೊಡ್ಡ ಹೆಸರಾದವರು ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006). ಅವರ ಮಾತು ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದರು. ಕೇಳುತ್ತಿದ್ದವರಲ್ಲಿ ಹೆಚ್ಚಿನವರು ರಾಮಭಕ್ತರೇ. ವಾಲಿಯ ಪ್ರಶ್ನೆಗೆ ತಲೆದೂಗಿ, ಬೆಳಿಗ್ಗೆ ಎದ್ದು ರಾಮನಿಗೆ ಕೈಮುಗಿಯಲು ಅವರಿಗೆ ಅಡ್ಡಿಯೆನಿಸುತ್ತಿರಲಿಲ್ಲ.

ತಾರತಮ್ಯವನ್ನು ಪಾತ್ರದ ಬಾಯಲ್ಲಿ ಇಡುವುದು ಬೇರೆ, ಆಟದ ನಿಯಮದಲ್ಲಿ ಇಡುವುದು ಬೇರೆ. ‘ನೀನು ಮೃಗ’ ಎಂದು ಒಂದು ಪಾತ್ರ ಹೇಳಿದರೆ ಇನ್ನೊಂದು ಪಾತ್ರ ಮರುಮಾತು ಆಡಬಹುದು. ‘ಇವನು ಮೃಗ’ ಎಂದು ಪುಸ್ತಕವೇ ಹೇಳಿಬಿಟ್ಟರೆ ಯಾರೊಡನೆ ವಾದಿಸುವುದು?

ಬಣ್ಣದ ವೇಷ, ಬಾವುಟದ ಕೋತಿ

ಬಯಲಾಟದಲ್ಲೂ ರಾಕ್ಷಸ ಬರಿಯ ಬೆದರುಗೊಂಬೆಯಲ್ಲ. ತೆಂಕುತಿಟ್ಟಿನಲ್ಲಿ ಮುಖದ ತುಂಬ ಚುಟ್ಟಿ ಇಟ್ಟು ಬಣ್ಣದ ವೇಷ ಕಟ್ಟುವುದಕ್ಕೆ ಗಂಟೆಗಟ್ಟಲೆ ಬೇಕು. ‘ದೇವಿಮಹಾತ್ಮೆ’ಯ ಮಹಿಷಾಸುರ ಕೊಂಬು ಹೊತ್ತು, ದೊಂದಿಗಳ ಬೆಂಕಿಯ ನಡುವೆ, ಪ್ರೇಕ್ಷಕರ ಮಧ್ಯದಿಂದಲೇ ಅಬ್ಬರಿಸುತ್ತ ರಂಗಕ್ಕೆ ಬರುತ್ತಾನೆ. ನಿದ್ದೆ ತೂಗುವ ಮಕ್ಕಳನ್ನು ಅವನನ್ನು ತೋರಿಸಲೆಂದೇ ಎಬ್ಬಿಸುವುದುಂಟು. ಹಳೆ ಮೈಸೂರಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವಾಡುವವರು ಪಾತ್ರಕ್ಕೆ ಇಂತಿಷ್ಟು ಎಂದು ಕೈಯಿಂದ ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಅಲ್ಲಿ ದುರ್ಯೋಧನನಾಗಲು ಪೈಪೋಟಿ ಕಡಿಮೆಯೇನಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಹನ್ನೆರಡನೆಯ ಶತಮಾನದ ಆದಿಭಾಗದ ನಾಗಚಂದ್ರನಿದ್ದಾನೆ. ಅವನು ‘ರಾಮಚಂದ್ರಚರಿತ ಪುರಾಣ’ದಲ್ಲಿ ಹಿಡಿದದ್ದು ಜೈನ ರಾಮಾಯಣದ ಹಾದಿ. ಆ ಪರಂಪರೆಯಲ್ಲಿ ರಾಕ್ಷಸರೂ ವಾನರರೂ ವಿದ್ಯಾಧರ ಮನುಷ್ಯರ ವಂಶಗಳು. ವಾನರರಿಗೆ ಬಾಲವಿಲ್ಲ; ಅವರ ಬಾವುಟದ ಮೇಲೆ ಕೋತಿಯ ಚಿಹ್ನೆ ಇದೆ, ಅಷ್ಟೇ. ರಾವಣ ಹುಟ್ಟು ದುಷ್ಟನಲ್ಲ, ಪರಸ್ತ್ರೀ ಮೋಹವೊಂದರಿಂದ ಕೆಟ್ಟ ಗುಣವಂತ. ಅಮೆರಿಕದ ಆಟದವರು ಐವತ್ತು ವರ್ಷ ತಡಕಾಡಿದ ಪ್ರಶ್ನೆಗೆ ಕನ್ನಡ ಕವಿಯೊಬ್ಬ ಒಂಬೈನೂರು ವರ್ಷಗಳ ಹಿಂದೆ ಉತ್ತರ ಬರೆದಿದ್ದ.

ಹಾಗೆಂದು ನಮ್ಮ ಹಳೆಯ ಕಥೆಗಳೆಲ್ಲ ನಿರ್ಮಲವೆಂದು ಬೀಗುವಂತಿಲ್ಲ. ಪಾಂಡವರಿಗಾಗಿ ಪ್ರಾಣ ಕೊಟ್ಟ ಘಟೋತ್ಕಚನನ್ನು ನೆನೆಯಿರಿ. ತಾಯಿ ರಾಕ್ಷಸಿ, ತಂದೆ ಭೀಮ. ಅವನು ಸತ್ತ ರಾತ್ರಿ ಪಾಂಡವರು ಅಳುತ್ತಿದ್ದರೆ ವ್ಯಾಸಭಾರತದ ಕೃಷ್ಣ ಸಂತೋಷಪಡುತ್ತಾನೆ. ಕರ್ಣನ ಶಕ್ತ್ಯಾಯುಧ ವ್ಯಯವಾಯಿತೆಂಬುದು ಒಂದು ಕಾರಣ. ಕರ್ಣ ಕೊಲ್ಲದಿದ್ದರೆ ಯಜ್ಞದ್ವೇಷಿಯಾದ ಇವನನ್ನು ಮುಂದೆ ತಾನೇ ಕೊಲ್ಲಬೇಕಾಗುತ್ತಿತ್ತು ಎಂಬುದು ಎರಡನೆಯದು. ಅರ್ಧ ನಮ್ಮವನಾದವನು ಯುದ್ಧಕ್ಕೆ ಬೇಕು, ಪಂಕ್ತಿಗೆ ಬೇಡ.

ಈ ನೋವನ್ನು ಮೈಸೂರಿನಲ್ಲೇ ಕುಳಿತು ಮರಳಿ ಬರೆದವರು ಕುವೆಂಪು. 1944ರ ‘ಶೂದ್ರತಪಸ್ವಿ’ಯಲ್ಲಿ ಶಂಬೂಕನ ತಲೆ ಉರುಳುವುದಿಲ್ಲ. 1947ರ ‘ಬೆರಳ್‌ಗೆ ಕೊರಳ್’ನಲ್ಲಿ ಏಕಲವ್ಯನ ಬೆರಳಿಗೆ ಲೆಕ್ಕ ಕೇಳಲಾಗುತ್ತದೆ. ಪುರಾಣವನ್ನು ಹೀಗೆ ತಿದ್ದಬಹುದೇ ಎಂದು ಮಾಸ್ತಿಯವರು ಆಕ್ಷೇಪಿಸಿದಾಗ ನಡೆದ ಚರ್ಚೆ ಕನ್ನಡದ ದೊಡ್ಡ ಚರ್ಚೆಗಳಲ್ಲೊಂದು.

ಮುಖದ ಮೇಲಿನ ಹಚ್ಚೆ

ಗಣಕಯಂತ್ರದ ಪರದೆಗೆ ಬಂದ ಮೇಲೆ ಈ ಆಟಗಳು ತಾರತಮ್ಯವನ್ನು ಇನ್ನಷ್ಟು ನೇರವಾಗಿ ತೋರಿಸಲು ಹೊರಟವು. ಕೆನಡಾದ ಬಯೋವೇರ್ ಸಂಸ್ಥೆ 2009ರಲ್ಲಿ ಹೊರತಂದ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಡ್ವಾರ್ಫರ ನೆಲದಡಿಯ ನಗರವೊಂದಿದೆ. ಅಲ್ಲಿ ಜಾತಿಯೇ ಎಲ್ಲ. ಮಗ ತಂದೆಯ ಜಾತಿ, ಮಗಳು ತಾಯಿಯ ಜಾತಿ. ಜಾತಿಯಿಲ್ಲದವರ ಮುಖಕ್ಕೆ ಹುಟ್ಟಿದಾಗಲೇ ಹಚ್ಚೆ ಒತ್ತುತ್ತಾರೆ. ಮರ್ಯಾದೆಯ ಕೆಲಸ ಅವರಿಗಿಲ್ಲ. ಆಟಗಾರ ಇಷ್ಟಪಟ್ಟರೆ ಆ ಹಚ್ಚೆ ಹೊತ್ತವನಾಗಿಯೇ ಆಟ ಶುರುಮಾಡಬಹುದು. ರಾಜಕುಮಾರನಾಗಿ ಆಡಿದವನಿಗೆ ಬಾಗಿದ ತಲೆಗಳು ಕಾಣುವ ಅದೇ ನಗರದಲ್ಲಿ ಇವನಿಗೆ ಉಗುಳುವ ಬಾಯಿಗಳು ಎದುರಾಗುತ್ತವೆ.

2011ರ ‘ಸ್ಕೈರಿಮ್’ನ ಒಂದು ನಗರದಲ್ಲಿ ಹಲ್ಲಿಯಾಕಾರದ ಜನ ಹಡಗುಕಟ್ಟೆಯಲ್ಲಿ ಮೂಟೆ ಹೊರಬಹುದು, ಕೋಟೆಯೊಳಗೆ ವಾಸಿಸುವಂತಿಲ್ಲ. ಬೂದಿಬಣ್ಣದ ಎಲ್ಫರಿಗೆ ಊರೊಳಗೊಂದು ಹಾಳು ಕೇರಿ. ದುಡಿಮೆ ಬೇಕು, ನೆರೆಹೊರೆ ಬೇಡ. ಕನ್ನಡದ ಓದುಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಡಿಗೆ ಮನೆ ಹುಡುಕಿ ಹೋದವರಿಗೆ ‘ನೀವು ಯಾವ ಜನ?’ ಎಂಬ ಪ್ರಶ್ನೆ ಇಂದಿಗೂ ಎದುರಾಗುತ್ತದಲ್ಲ!

ಮೂಲದ ಮೇಜಿನಾಟವೂ ಕೊನೆಗೆ ಬದಲಾಯಿತು. ಅದರ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2020ರ ಜೂನ್‌ನಲ್ಲಿ, ಓರ್ಕ್ ಮೊದಲಾದವರನ್ನು ತಾವು ಚಿತ್ರಿಸಿದ ರೀತಿ ನಿಜಜಗತ್ತಿನ ಜನಾಂಗಗಳನ್ನು ಹೀಗಳೆದ ರೀತಿಯನ್ನೇ ಹೋಲುತ್ತಿತ್ತೆಂದು ಒಪ್ಪಿಕೊಂಡಿತು. 2024ರ ಹೊಸ ನಿಯಮಪುಸ್ತಕದಲ್ಲಿ ‘ರೇಸ್’ ಎಂಬ ಪದವೇ ಹೋಗಿ ‘ಸ್ಪೀಷೀಸ್’ ಬಂತು; ಓರ್ಕ್ ಎಲ್ಲರಂತೆ ಆಯ್ದುಕೊಳ್ಳಬಹುದಾದ ಪಾತ್ರವಾದ. ಎಲ್ಲರಿಗೂ ಇದು ರುಚಿಸಿಲ್ಲ. ಹಗೆ, ತಿರಸ್ಕಾರಗಳನ್ನೆಲ್ಲ ಒರೆಸಿ ಹಾಕಿದರೆ ಕಥೆಯಲ್ಲಿ ಉಳಿಯುವುದೇನು ಎನ್ನುವವರಿದ್ದಾರೆ. ಅದೂ ತೆಗೆದುಹಾಕುವ ಮಾತಲ್ಲ. ದುರ್ಯೋಧನನ ಛಲವನ್ನೂ ಕರ್ಣನಿಗಾದ ಅವಮಾನವನ್ನೂ ತೆಗೆದ ಭಾರತದಲ್ಲಿ ಯಾರಿಗೆ ಆಸಕ್ತಿ?

ತೋರಿಸುವ ಬಗೆ

ಹಾಗಾದರೆ ತೋರಿಸುವುದು ಹೇಗೆ? ತಾಳಮದ್ದಳೆಯ ಕೂಟದಿಂದಲೇ ಕೆಲವು ಪಾಠ ಕಲಿಯಬಹುದು.

ಹೀಯಾಳಿಸುವವನಿಗೆ ಒಂದು ಹೆಸರು, ಒಂದು ಲಾಭ ಇರಬೇಕು. ಛತ್ರದ ಯಜಮಾನ ಓರ್ಕನನ್ನು ತಡೆಯುವುದು ಏಕೆ? ಒಳಗಿರುವ ಗಿರಾಕಿಗಳು ಎದ್ದುಹೋದಾರೆಂಬ ಭಯವೇ? ಹಳೆಯ ಯುದ್ಧದಲ್ಲಿ ಸತ್ತ ಮಗನ ನೆನಪೇ? ಅಥವಾ ಬೇರೆ ಲೋಟವಿಟ್ಟರೆ ಕೂಲಿಯೂ ಬೇರೆ ಕೊಡಬಹುದೆಂಬ ಲೆಕ್ಕವೇ? ಕಾರಣ ತಿಳಿದರೆ ತಾರತಮ್ಯ ಗಾಳಿ, ಮಳೆಯಂತೆ ತಾನಾಗಿ ಬಂದದ್ದಲ್ಲ, ಮನುಷ್ಯರು ಮಾಡಿದ್ದು ಎಂಬುದು ಕಾಣುತ್ತದೆ.

ತಿರಸ್ಕೃತನಿಗೆ ಮಾತಿನ ಸರದಿ ಸಿಗಬೇಕು. ಅಪಮಾನವಾದ ಕೂಡಲೇ ಕಥೆ ಮುಂದಿನ ಕಾಳಗಕ್ಕೆ ಓಡಿದರೆ ಅದು ಬರಿಯ ಅಲಂಕಾರವಾಯಿತು. ಜೊತೆಗಾರರಾದ ಎಲ್ಫ್, ಡ್ವಾರ್ಫರು ಆಗ ಏನು ಮಾಡಿದರು? ಒಳಗೆ ಹೋಗಿ ಊಟಕ್ಕೆ ಕುಳಿತರೇ, ಗೆಳೆಯನೊಡನೆ ಹಿತ್ತಿಲಿಗೆ ಬಂದರೇ? ಆಟದ ತಿರುಳು ಇರುವುದು ಈ ಆಯ್ಕೆಯಲ್ಲಿ.

ಮತ್ತೊಂದು ಮಾತು, ಆಡುವವರ ಬಗ್ಗೆ. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ಮಾತು ಬೆಳೆಸಲಾರದೆ ಸೋತರೆ ಬಲ್ಲ ಹಿರಿಯ ಹಳಿಗೆ ತರುತ್ತಾನೆ. ಹದ ಮೀರಿದರೆ ಭಾಗವತರು ಮುಂದಿನ ಪದ ಎತ್ತುತ್ತಾರೆ. ಮೇಜಿನಾಟದವರೂ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಅಮೆರಿಕದ ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಎಂಬ ಚೀಟಿ ಮೇಜಿನ ನಡುವೆ ಇರುತ್ತದೆ. ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ಸಂಗತಿಯನ್ನು ಕೈಬಿಡುತ್ತಾರೆ. ಆಟದ ಗಾಯ ನಿಜದ ಗಾಯದ ಮೇಲೆ ಬೀಳಬಾರದಲ್ಲ.

ಹಾಗೆ ಬೀಳುವ ಸಂಭವ ಊಹೆಯ ಮಾತೇನಲ್ಲ. ಜಾರ್ಖಂಡದಲ್ಲಿ ಅಸುರ ಎಂಬ ಹೆಸರಿನದೇ ಒಂದು ಆದಿವಾಸಿ ಸಮುದಾಯವಿದೆ. ಕಬ್ಬಿಣ ಕರಗಿಸುವುದು ಅವರ ಪಾರಂಪರಿಕ ವೃತ್ತಿ. ಮಹಿಷಾಸುರನನ್ನು ತಮ್ಮ ಪೂರ್ವಜನೆಂದು ನಂಬುವ ಅವರಿಗೆ ದುರ್ಗಾಪೂಜೆಯ ದಿನಗಳು ಶೋಕದ ದಿನಗಳು. ಮೈಸೂರಿನಲ್ಲೂ ಕೆಲವು ಸಂಘಟನೆಗಳು ಮಹಿಷನನ್ನು ಈ ನಾಡನ್ನಾಳಿದ ದೊರೆಯೆಂದು ಸ್ಮರಿಸಿ ಮಹಿಷ ದಸರಾ ಆಚರಿಸುತ್ತ ಬಂದಿವೆ. 2019ರಲ್ಲಿ ಬೆಟ್ಟದ ಮೇಲೆ ಅದಕ್ಕೆ ಅವಕಾಶ ಸಿಗಲಿಲ್ಲ. 2023ರಲ್ಲಿ ಅದು ಪೊಲೀಸ್ ಕಾವಲಿನಲ್ಲಿ ಪುರಭವನದಲ್ಲಿ ನಡೆಯಿತು. ದೇವಿಯ ಭಕ್ತರಿಗೆ ಅದರಿಂದ ನೋವು, ಇವರಿಗೆ ತಡೆಯಿಂದ ನೋವು. ಒಬ್ಬರ ಕಥೆಯ ದೈತ್ಯ ಇನ್ನೊಬ್ಬರ ಮನೆಯ ಅಜ್ಜನಾಗಿರಬಹುದೆಂಬುದನ್ನು ಈ ಊರು ಬಲ್ಲಷ್ಟು ಬೇರೆ ಊರುಗಳು ಬಲ್ಲವೋ ಇಲ್ಲವೋ.

ಕೆಸರೆಯ ಆ ಮಹಡಿಗೆ ಮರಳೋಣ. ಓರ್ಕ್ ಪಾತ್ರದ ಹುಡುಗ ಇನ್ನೂ ಸುಮ್ಮನೆ ಕುಳಿತಿದ್ದಾನೆ. ಕಥೆ ನಡೆಸುವವನು ದಾಳ ಕೈಗೆತ್ತಿಕೊಂಡವನು ಅದನ್ನು ಕೆಳಗಿಟ್ಟು ಕೇಳುತ್ತಾನೆ: ‘ಅವನು ಹಾಗಂದ. ನೀನೇನಂತೀಯ?’

ಅಷ್ಟು ಕೇಳಿದರೆ ಸಾಕು. ಮುಂದಿನ ಅರ್ಥ ಅವನೇ ಹೇಳಿಕೊಳ್ಳುತ್ತಾನೆ.