ನಿರುದ್ಯೋಗ ಶೇ 3.2 ಮಾತ್ರವೇ? ಈ ಲೆಕ್ಕದಲ್ಲಿ 'ಉದ್ಯೋಗಿ' ಎಂದರೆ ಯಾರು?

ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ (ಪಿಎಲ್‌ಎಫ್‌ಎಸ್) ಪ್ರಕಾರ 2023–24ರಲ್ಲಿ ದೇಶದ ನಿರುದ್ಯೋಗ ಪ್ರಮಾಣ ಶೇ 3.2. 2017–18ರಲ್ಲಿ ಅದು ಶೇ 6ರಷ್ಟಿತ್ತು. ಕೆಲಸಕ್ಕಾಗಿ ಅಲೆಯುತ್ತಿರುವವರಿಗೆ ಇದನ್ನು ನಂಬುವುದು ಕಷ್ಟ. ಹಾಗಾದರೆ ಈ ಅಂಕಿಅಂಶ ಸುಳ್ಳೇ? ಅಲ್ಲ. ಆದರೆ ನಾವು ಅಂದುಕೊಂಡದ್ದನ್ನು ಅದು ಅಳೆಯುತ್ತಿಲ್ಲ.

ಲೆಕ್ಕ ಹಾಕುವುದು ಹೇಗೆ?

ಇದು ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿದವರ ಪಟ್ಟಿಯಲ್ಲ. 2023–24ರಲ್ಲಿ ದೇಶದಾದ್ಯಂತ ಸುಮಾರು 1 ಲಕ್ಷ ಮನೆಗಳನ್ನು ಆರಿಸಿಕೊಂಡು, ಅಲ್ಲಿನವರನ್ನು ಪ್ರಶ್ನಿಸಿ ಮಾಡಿದ ಮಾದರಿ ಸಮೀಕ್ಷೆ.

15 ವರ್ಷ ದಾಟಿದ 100 ಜನರನ್ನು ತೆಗೆದುಕೊಳ್ಳಿ. 2023–24ರ ಲೆಕ್ಕದಲ್ಲಿ ಅವರಲ್ಲಿ ಸುಮಾರು 60 ಜನ ಮಾತ್ರ ದುಡಿಯುತ್ತಿದ್ದಾರೆ ಅಥವಾ ಕೆಲಸ ಬೇಕು ಎನ್ನುತ್ತಾರೆ. ವಿದ್ಯಾರ್ಥಿಗಳು, ಮನೆಗೆಲಸ ನೋಡಿಕೊಳ್ಳುವವರು, ವೃದ್ಧರು ಮೊದಲಾದ ಉಳಿದವರು ಲೆಕ್ಕದಿಂದ ಹೊರಗೆ. ಆ 60 ಜನರಲ್ಲಿ ಕೆಲಸವಿಲ್ಲದವರು ಸುಮಾರು ಇಬ್ಬರು. ಶೇ 3.2 ಬರುವುದು ಹೀಗೆ.

ಯಾರು ಉದ್ಯೋಗಿ?

ಉದಾಹರಣೆಗೆ, ದಾವಣಗೆರೆಯಲ್ಲಿ ಬಿ.ಕಾಂ ಮುಗಿಸಿದ ಯುವತಿಯೊಬ್ಬಳು ಒಂದು ವರ್ಷದಿಂದ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳೋಣ. ನಡುವೆ ಒಂದೆರಡು ತಿಂಗಳು ಅಪ್ಪನ ಕಿರಾಣಿ ಅಂಗಡಿಯಲ್ಲಿ ಕುಳಿತು ವ್ಯಾಪಾರ ನೋಡಿಕೊಂಡಳು. ಸಂಬಳ ಇಲ್ಲ. ಸಮೀಕ್ಷೆಗೆ ಆಕೆ ಉದ್ಯೋಗಿ! ಏಕೆಂದರೆ ವರ್ಷದಲ್ಲಿ 30 ದಿನ ದುಡಿದಿದ್ದರೂ ಈ ಲೆಕ್ಕಕ್ಕೆ ಸಾಕು. ಮನೆಯ ಅಂಗಡಿ, ಹೊಲದಲ್ಲಿ ಮಾಡುವ ಸಂಬಳವಿಲ್ಲದ ದುಡಿಮೆಯೂ ಕೆಲಸವೇ.

ಹಾಗೆ ಲೆಕ್ಕ ಹಾಕುವುದು ತಪ್ಪಲ್ಲ, ಆ ದುಡಿಮೆಗೂ ಬೆಲೆಯಿದೆ. ಆದರೆ 'ಉದ್ಯೋಗಿ' ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ತಿಂಗಳ ಸಂಬಳ. 2023–24ರಲ್ಲಿ ದುಡಿಯುವವರ ಪೈಕಿ ಶೇ 58.4 ಜನ ಸ್ವಯಂ ಉದ್ಯೋಗಿಗಳು. ಇವರಲ್ಲಿ, ಮನೆಯ ಕಸುಬಿಗೆ ಸಂಬಳವಿಲ್ಲದೆ ಕೈಜೋಡಿಸುವವರೇ ಒಟ್ಟು ದುಡಿಯುವವರ ಶೇ 19.4ರಷ್ಟು. 2017–18ರಲ್ಲಿ ಇಂಥವರು ಶೇ 13.6 ಇದ್ದರು.

ಇನ್ನೊಂದು ಕಾರಣವೂ ಇದೆ. ಒಳ್ಳೆಯ ಕೆಲಸ ಸಿಗುವವರೆಗೆ ಕಾಯಬೇಕಾದರೆ ಮನೆಯಲ್ಲಿ ಬೇರೆ ಯಾರಾದರೂ ದುಡಿಯುತ್ತಿರಬೇಕು. ಆ ಅನುಕೂಲ ಇಲ್ಲದವರು ಸಿಕ್ಕಿದ ಕೆಲಸ ಹಿಡಿಯುತ್ತಾರೆ. ಅಂಥವರು ಹೆಚ್ಚಿರುವ ಕಡೆ ನಿರುದ್ಯೋಗ ಕಡಿಮೆಯೆಂದೇ ಕಾಣುತ್ತದೆ.

ಅಳತೆಗೋಲು ಬದಲಾದರೆ?

ಅದೇ ವರ್ಷ, ಅದೇ ಸಮೀಕ್ಷೆ. ಇಡೀ ವರ್ಷದ ಬದಲು ಹಿಂದಿನ ಏಳು ದಿನಗಳನ್ನಷ್ಟೇ ಕೇಳಿದರೆ ನಿರುದ್ಯೋಗ ಶೇ 4.9. ಅಲ್ಲೂ ವಾರದಲ್ಲಿ ಒಂದು ಗಂಟೆ ದುಡಿದವರು ಉದ್ಯೋಗಿಗಳೇ. ವರ್ಷದ ಲೆಕ್ಕದಲ್ಲೇ 15ರಿಂದ 29 ವಯಸ್ಸಿನವರನ್ನು ಮಾತ್ರ ನೋಡಿದರೆ ಶೇ 10.2. ನಮ್ಮ ರಾಜ್ಯದ ಯುವನಿಧಿ ಯೋಜನೆಗೆ ಮತ್ತೊಂದು ಅಳತೆ: ಪದವಿ ಅಥವಾ ಡಿಪ್ಲೊಮಾ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ: ಇದು ವರ್ಷದ ಲೆಕ್ಕವೋ, ವಾರದ ಲೆಕ್ಕವೋ? ಯಾವ ವಯಸ್ಸಿನವರದು? ದುಡಿಯುವವರಲ್ಲಿ ಸಂಬಳ ಪಡೆಯುವವರೆಷ್ಟು?

'ಶೇ 97 ಜನರಿಗೆ ಕೆಲಸ ಸಿಕ್ಕಿದೆ, ನಿನಗೊಬ್ಬನಿಗೆ ಏಕಿಲ್ಲ?' ಎಂದು ಯಾರಾದರೂ ಕೇಳಿದರೆ, ಆ 97ರಲ್ಲಿ ಸಂಬಳವಿಲ್ಲದೆ ಅಂಗಡಿಯಲ್ಲಿ ಕುಳಿತ ಆ ಯುವತಿಯೂ ಇದ್ದಾಳೆ ಎಂದು ಹೇಳಿ.