ದುಬಾರಿ ಕೋರ್ಸ್ ಮಾಡದಿದ್ದರೆ ಕೆಲಸ ಸಿಗುವುದಿಲ್ಲವೇ?

‘ಸಾವಿರಾರು ರೂಪಾಯಿಯ ಈ ಕೋರ್ಸ್ ಮಾಡದಿದ್ದರೆ ಡಿಗ್ರಿಗೆ ಬೆಲೆಯಿಲ್ಲ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್‌ನಲ್ಲಿ ಪಾಠಗಳು ಉಚಿತ; ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ಯುಜಿಸಿಯ 2021ರ ನಿಯಮದಂತೆ ವಿಶ್ವವಿದ್ಯಾಲಯಗಳು ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನು ಇಲ್ಲಿಂದಲೇ ಒಪ್ಪಬಹುದು. ನಿಮ್ಮ ಕಾಲೇಜು ಒಪ್ಪುತ್ತದೆಯೇ, ಮೊದಲೇ ಕೇಳಿಕೊಳ್ಳಿ.

ತಂಡದಲ್ಲಿ ದುಡಿಯುವುದು, ಅಪರಿಚಿತರೊಡನೆ ಮಾತನಾಡುವುದು ವಿಡಿಯೊ ನೋಡಿ ಬರುವುದಿಲ್ಲ. ಎನ್‌ಎಸ್‌ಎಸ್‌ನ ಎರಡು ವರ್ಷಗಳ 240 ಗಂಟೆ ಸೇವೆಯಲ್ಲಿ ಅದರ ಅಭ್ಯಾಸವಾಗುತ್ತದೆ.

ನಾವು ಪ್ಲೇಸ್‌ಮೆಂಟ್ ಸೆಲ್‌ನ ಬಾಗಿಲು ತಟ್ಟಿದ್ದೇ ಕೊನೆಯ ಸೆಮಿಸ್ಟರ್‌ನಲ್ಲಿ. ರೆಸ್ಯೂಮೆ ತಿದ್ದಿಕೊಳ್ಳಲೂ ಸಮಯವಿರಲಿಲ್ಲ. ನೀವು ಮೊದಲ ವರ್ಷವೇ ಹೋಗಿ.

ಇವು ಯಾವುವೂ ಕೆಲಸದ ಖಾತರಿಯಲ್ಲ. ಆದರೆ ಖಾತರಿ ಕೊಡುತ್ತೇವೆ ಎನ್ನುವವರಿಗೆ ಅಪ್ಪ-ಅಮ್ಮ ಸಾಲ ಮಾಡಿ ಹಣ ಕಟ್ಟುವ ಮುನ್ನ, ಇದನ್ನೂ ಫಾರ್ವರ್ಡ್ ಮಾಡಿ.