ಕ್ರಿಸ್ತರಾಜರ ಹಬ್ಬ ಮತ್ತು ನಮ್ಮ ಹದಿಹರೆಯದ ಮಕ್ಕಳು

ಆರಾಧನಾ ವರ್ಷದ ಕೊನೆಯ ಭಾನುವಾರ ನಾವು ಕ್ರಿಸ್ತರಾಜರ ಮಹೋತ್ಸವವನ್ನು ಆಚರಿಸುತ್ತೇವೆ. ಈ ಹಬ್ಬವನ್ನು 1925ರಲ್ಲಿ ಜಗದ್ಗುರು ಹನ್ನೊಂದನೇ ಪಯಸ್ ಅವರು ಸ್ಥಾಪಿಸಿದರು. 2021ರಿಂದ ಧರ್ಮಕ್ಷೇತ್ರಗಳಲ್ಲಿ ವಿಶ್ವ ಯುವಜನ ದಿನವನ್ನೂ ಇದೇ ಭಾನುವಾರ ಆಚರಿಸಲಾಗುತ್ತಿದೆ. ಜಗದ್ಗುರು ಎರಡನೇ ಜಾನ್ ಪೌಲರ ಕಾಲದಿಂದ ಗರಿಗಳ ಭಾನುವಾರ ನಡೆಯುತ್ತಿದ್ದ ಈ ದಿನವನ್ನು ಜಗದ್ಗುರು ಫ್ರಾನ್ಸಿಸ್ ಅವರು ಕ್ರಿಸ್ತರಾಜರ ಹಬ್ಬಕ್ಕೆ ತಂದರು. 2023ರಲ್ಲಿ ವಿಶ್ವದ ಯುವಜನರು ಲಿಸ್ಬನ್ ನಗರದಲ್ಲಿ ಸೇರಿದರು. 2027ರ ಸಮಾವೇಶಕ್ಕೆ ಸೋಲ್ ನಗರ ಗೊತ್ತಾಗಿದೆ. ಅಲ್ಲಿಗೆ ಹೋಗುವ ಅವಕಾಶ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಸಿಕ್ಕೀತು? ಆದ್ದರಿಂದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ನಮ್ಮ ಧರ್ಮಕೇಂದ್ರಗಳಲ್ಲೇ ಅವರಿಗಾಗಿ ಏನು ಮಾಡಬಹುದು ಎಂದು ಯೋಚಿಸೋಣ.

ಕಾರವಾರ ಧರ್ಮಕ್ಷೇತ್ರದ ಈ ಒಳನಾಡಿನಲ್ಲಿ ಕುಟುಂಬಗಳ ಬದುಕು ಒಂದೇ ತೆರನಾದುದಲ್ಲ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ಬೇರೆ ಬೇರೆ ಕಡೆಯಿಂದ ಬಂದು ನೆಲೆಸಿದವರಿದ್ದಾರೆ. ಹಳಿಯಾಳದ ಕಡೆ ಕ್ರೈಸ್ತ ಸಿದ್ದಿ ಕುಟುಂಬಗಳಿವೆ. ಜೋಯಿಡಾದ ಹಳ್ಳಿಗಳು ಕಾಡಿನ ನಡುವೆ ದೂರದೂರ ಚದುರಿವೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳೂ ನಮ್ಮಲ್ಲಿದ್ದಾರೆ. ಆದರೆ ಒಂದು ಸಂಗತಿ ಎಲ್ಲ ಮನೆಗಳಿಗೂ ಸಮಾನ. ಹತ್ತನೆಯ ತರಗತಿಯೋ ಪಿಯುಸಿಯೋ ಮುಗಿಯಿತೆಂದರೆ ಮಕ್ಕಳು ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಗೋವಾ ಎಂದು ಓದಿಗೋ ದುಡಿಮೆಗೋ ಹೊರಡುತ್ತಾರೆ. ಆಮೇಲೆ ಅವರು ಸಿಗುವುದು ಹಬ್ಬಕ್ಕೆ, ಮದುವೆಗೆ ಮಾತ್ರ. ಹದಿಮೂರರಿಂದ ಹದಿನೇಳು, ಈ ಐದು ವರ್ಷಗಳಷ್ಟೇ ನಮ್ಮ ಕೈಯಲ್ಲಿವೆ.

ಈ ವರ್ಷಗಳಲ್ಲಿ ನಾವು ಅವರನ್ನು ಯಾವುದಕ್ಕೆ ಕರೆಯುತ್ತೇವೆ? ಕುರ್ಚಿ ಹಾಕಲು, ತೋರಣ ಕಟ್ಟಲು, ಗೋದಲಿ ಮಾಡಲು, ಹಬ್ಬದೂಟ ಬಡಿಸಲು. ಇದು ಒಳ್ಳೆಯ ಸೇವೆಯೇ. ಆದರೆ ಹಬ್ಬ ಹೇಗೆ ನಡೆಯಬೇಕೆಂದು ಅವರನ್ನು ಕೇಳುವವರು ಅಪರೂಪ. ಸಂತ ಲೂಕರ ಶುಭಸಂದೇಶದಲ್ಲಿ ಹನ್ನೆರಡು ವರ್ಷದ ಯೇಸುವನ್ನು ಮೂರನೆಯ ದಿನ ತಂದೆತಾಯಿ ಕಂಡದ್ದು ದೇವಾಲಯದಲ್ಲಿ, ಬೋಧಕರ ನಡುವೆ. ಬಾಲಕ ಯೇಸು ಅವರ ಮಾತನ್ನು ಕೇಳುತ್ತಾ ಪ್ರಶ್ನೆಗಳನ್ನು ಹಾಕುತ್ತಿದ್ದರು. ಆ ಹಿರಿಯರು "ನೀನಿನ್ನೂ ಚಿಕ್ಕವ" ಎಂದು ಎಬ್ಬಿಸಿ ಕಳುಹಿಸಲಿಲ್ಲ. ತಮ್ಮ ನಡುವೆ ಕೂರಲು ಬಿಟ್ಟರು. ಆಮೇಲೆ ಯೇಸು ನಜರೇತಿಗೆ ಮರಳಿ ತಂದೆತಾಯಿಗೆ ವಿಧೇಯರಾಗಿ ಬಾಳಿದರು. ಪ್ರಶ್ನೆ ಕೇಳುವ ಮಗು ಮನೆಯಿಂದ ದೂರವಾಗುತ್ತದೆಂಬ ಭಯ ನಮಗೆ ಬೇಡ.

ಹದಿಹರೆಯದವರ ಕೂಟವನ್ನು ನಡೆಸುವುದು ಹೇಗೆ? ಕ್ರಿಸ್ತರಾಜರ ಹಬ್ಬ ಆರಂಭವಾದ 1925ರಲ್ಲೇ ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ಅವರ ಯುವ ಕ್ರೈಸ್ತ ಕಾರ್ಮಿಕರ ಚಳವಳಿ ರೂಪುಗೊಂಡಿತು. ಅವರು ಕಲಿಸಿದ್ದು ಮೂರು ಹೆಜ್ಜೆ: ನೋಡು, ವಿವೇಚಿಸು, ಕಾರ್ಯಮಾಡು. 1961ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನ್ ಅವರು ತಮ್ಮ ವಿಶ್ವಪತ್ರದಲ್ಲಿ ಈ ವಿಧಾನವನ್ನು ಶ್ಲಾಘಿಸಿದರು. ಶಾಲಾ ಮಕ್ಕಳ ವೈಸಿಎಸ್ ಕೂಟಗಳು ಇಂದಿಗೂ ಇದನ್ನೇ ಅನುಸರಿಸುತ್ತವೆ.

ಒಂದು ಉದಾಹರಣೆ ನೋಡೋಣ. ಒಂಬತ್ತನೆಯ ತರಗತಿಯ ಗೆಳೆಯನೊಬ್ಬ ಶಾಲೆ ಬಿಟ್ಟಿದ್ದಾನೆ. ಏಕೆ? ಬಸ್ಸಿನ ತೊಂದರೆಯೋ, ಮನೆಯ ಬಡತನವೋ, ಗಣಿತದ ಭಯವೋ? ಇದು ನೋಡುವುದು. ತಪ್ಪಿಹೋದ ಕುರಿಯ ಸಾಮತಿಯನ್ನು ಓದಿ, ಯೇಸುಸ್ವಾಮಿ ಇಲ್ಲಿದ್ದರೆ ಏನು ಮಾಡುತ್ತಿದ್ದರೆಂದು ಚರ್ಚಿಸುವುದು ವಿವೇಚನೆ. ಮುಂದಿನ ಭಾನುವಾರ ಮೂವರು ಅವನ ಮನೆಗೆ ಹೋಗಿ ಮಾತಾಡಿಸುವುದು, ಹಿರಿಯರೊಬ್ಬರ ಮೂಲಕ ಮುಖ್ಯೋಪಾಧ್ಯಾಯರನ್ನು ಕಾಣುವುದು, ಪಾಠ ಹೇಳಿಕೊಡುವುದು ಕಾರ್ಯ. ಒಂದು ತಿಂಗಳ ಬಳಿಕ ಏನಾಯಿತೆಂದು ಮತ್ತೆ ಕೂತು ನೋಡಬೇಕು. ಧರ್ಮೋಪದೇಶದ ತರಗತಿಯಲ್ಲಿ ಕಲಿತ ವಿಶ್ವಾಸ ಬದುಕಿಗೆ ಇಳಿಯುವುದು ಹೀಗೆ.

ದೂರದ ಹಳ್ಳಿಗಳ ಮಕ್ಕಳಿಗೆ ಸಂಜೆಯ ಸಭೆ ಆಗುವುದಿಲ್ಲ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಂದು ಗಂಟೆ ಸಾಕು: ಪ್ರಾರ್ಥನೆ, ಶುಭಸಂದೇಶ, ಚರ್ಚೆ, ಒಂದು ಆಟ, ಒಂದು ಹಾಡು. ಸಿದ್ದಿ ಮಕ್ಕಳ ಡಮಾಮಿ ಕುಣಿತಕ್ಕೂ ಕೊಂಕಣಿ ಹಾಡಿಗೂ ಅಲ್ಲಿ ಸಮಾನ ಸ್ಥಾನವಿರಲಿ. ನಾಯಕ, ನಾಯಕಿಯರನ್ನು ಮಕ್ಕಳೇ ಆರಿಸಲಿ. ಲೆಕ್ಕವನ್ನೂ ಅವರೇ ಬರೆಯಲಿ. ಯುವಜನರೇ ಯುವಸೇವೆಯ ಕರ್ತೃಗಳೆಂದು ಜಗದ್ಗುರು ಫ್ರಾನ್ಸಿಸ್ ಅವರು 2019ರ 'ಕ್ರಿಸ್ತುಸ್ ವೀವಿತ್' ಪತ್ರದಲ್ಲಿ ತಿಳಿಸಿದ್ದಾರೆ. ಅವರಿಗೆ ಸ್ವಾತಂತ್ರ್ಯ ಕೊಟ್ಟು ಜೊತೆಗೆ ನಡೆಯುವುದು ಹಿರಿಯರ ಪಾತ್ರ.

ಸ್ವಾತಂತ್ರ್ಯದ ಜೊತೆಗೆ ರಕ್ಷಣೆಯೂ ಬೇಕು. ಶಿಬಿರ, ಪ್ರವಾಸಗಳಿಗೆ ಪೋಷಕರ ಲಿಖಿತ ಒಪ್ಪಿಗೆ, ಕನಿಷ್ಠ ಇಬ್ಬರು ಹಿರಿಯರು, ಹೆಣ್ಣುಮಕ್ಕಳಿದ್ದರೆ ಮಹಿಳೆಯೊಬ್ಬರು ಕಡ್ಡಾಯ. ಕಾಳಿ ನದಿಯಲ್ಲಿ ಮೊಸಳೆಗಳಿವೆ, ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿವು ಏರುತ್ತದೆ. ದಂಡೆಯಲ್ಲಿ ಊಟವಾಗಲಿ, ನೀರಿಗಿಳಿಯುವುದು ಬೇಡ. ಹದಿನೆಂಟು ತುಂಬದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯಂತೆ ಅಪರಾಧ. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ಮಗುವಿಗೂ ಗೊತ್ತಿರಲಿ.

ಪ್ರಿಯ ತಂದೆತಾಯಿಯರೇ, ಟ್ಯೂಷನ್ ತಪ್ಪುತ್ತದೆಂದು ಈ ಒಂದು ಗಂಟೆಯನ್ನು ಕಿತ್ತುಕೊಳ್ಳದಿರೋಣ. ನಾಳೆ ದೂರದ ಊರಿನ ಬಾಡಿಗೆ ಕೋಣೆಯಲ್ಲಿ ನಮ್ಮ ಮಗ, ಮಗಳು ಒಬ್ಬಂಟಿಯಾಗಿರುವಾಗ, ಭಾನುವಾರ ಬೆಳಿಗ್ಗೆ ಎದ್ದು ಅಲ್ಲಿನ ಚರ್ಚನ್ನು ಹುಡುಕಿಕೊಂಡು ಹೋಗುವರೇ? ಈ ಪ್ರಶ್ನೆಗೆ ಉತ್ತರ ಇಂದು ನಮ್ಮ ಚರ್ಚಿನ ಅಂಗಳದಲ್ಲಿ ಸಿದ್ಧವಾಗುತ್ತಿದೆ. ಸೇವೆಯನ್ನೇ ಸಿಂಹಾಸನ ಮಾಡಿಕೊಂಡ ಕ್ರಿಸ್ತರಾಜರು ನಮ್ಮ ಮಕ್ಕಳನ್ನು ಹರಸಲಿ; ಅವರ ಮಾತಿಗೆ ಕಿವಿಗೊಡುವ ತಾಳ್ಮೆಯನ್ನು ನಮಗೂ ದಯಪಾಲಿಸಲಿ.